ಯಂತ್ರ ತಾನಾಗಿ ಆರಿದಾಗ

ಆಟದ ನಡುವೆ ಕಂಪ್ಯೂಟರು ಇದ್ದಕ್ಕಿದ್ದಂತೆ ಆರಿಹೋದರೆ ಅದು ಕೆಟ್ಟಿತೆಂದೇ ಮನೆಯವರೆಲ್ಲರ ತೀರ್ಮಾನ. ಆಡುತ್ತಿದ್ದ ಹುಡುಗನಿಗೆ ಮನೆಯಲ್ಲಿ ಬೈಗುಳ, ಅಂಗಡಿಯಲ್ಲಿ ಹೊಸ ಗ್ರಾಫಿಕ್ಸ್ ಕಾರ್ಡಿನ ಬೆಲೆ. ಎರಡೂ ಒಂದೇ ದಿನ ಕಿವಿಗೆ ಬೀಳುತ್ತವೆ. ಆದರೆ ಹೀಗೆ ಆರುವುದಕ್ಕೂ ಒಂದು ಚರಿತ್ರೆ ಉಂಟು. ಕನ್ನಡ ಪಾಠ ಹೇಳುವವನಿಗೆ ಇದರಲ್ಲೇನು ಕೆಲಸವೆಂದು ಓದುಗರು ಕೇಳಬಹುದು. ಕಾರಣ ಮುಂದೆ ಬರುತ್ತದೆ.

1946ರ ಫೆಬ್ರವರಿಯಲ್ಲಿ ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ ‘ಎನಿಯಾಕ್’ ಎಂಬ ಲೆಕ್ಕದ ಯಂತ್ರವನ್ನು ಲೋಕಕ್ಕೆ ತೋರಿಸಿದರು. ತೂಕ ಸುಮಾರು 30 ಟನ್ನು. ಹಳೆಯ ರೇಡಿಯೋಗಳಲ್ಲಿ ಮಿನುಗುತ್ತಿದ್ದಂಥ ವಾಲ್ವುಗಳು ಅದರೊಳಗೆ ಸುಮಾರು 18,000. ಅದು ನುಂಗುತ್ತಿದ್ದ ವಿದ್ಯುತ್ತು ಸುಮಾರು 150 ಕಿಲೋವ್ಯಾಟ್. ನುಂಗಿದ ವಿದ್ಯುತ್ತೆಲ್ಲ ಕೊನೆಗೆ ಕಾವಾಗಿಯೇ ಹೊರಬರಬೇಕು. ಲೆಕ್ಕ ಮಾಡುವ ಯಂತ್ರಕ್ಕೂ ಇಸ್ತ್ರಿ ಪೆಟ್ಟಿಗೆಗೂ ಈ ವಿಷಯದಲ್ಲಿ ಭೇದವಿಲ್ಲ. ಆದಕಾರಣ ಅದನ್ನು ಕಟ್ಟಿದವರು ಗಾಳಿ ಊದುವ ದೊಡ್ಡ ಫ್ಯಾನುಗಳನ್ನಿಟ್ಟದ್ದಲ್ಲದೆ, ಕಾವು ಮಿತಿಮೀರಿದರೆ ವಿದ್ಯುತ್ತನ್ನು ತಾನಾಗಿ ಕಡಿಯುವ ಸ್ವಿಚ್ಚುಗಳನ್ನೂ ಅದರೊಳಗೆ ಇಟ್ಟಿದ್ದರು. ಇಂದಿನ ಹುಡುಗರು ಶಪಿಸುವ ‘ಶಟ್‌ಡೌನ್’ ಅಜ್ಜನ ಕಾಲದ್ದೇ ಎಂದಾಯಿತು.

ವಾಲ್ವು ಹೋಗಿ ಚಿಪ್ಪು ಬಂದ ಮೇಲೆ, ಮನೆಗಳಿಗೆ ಕಂಪ್ಯೂಟರು ಮಾಡುವವರು ಈ ಎಚ್ಚರವನ್ನು ಬಹುಮಟ್ಟಿಗೆ ಮರೆತರು. ಮರೆಯುವುದಕ್ಕೆ ಕಾರಣವೂ ಇತ್ತು. 1996ರಲ್ಲಿ ‘ವೂಡೂ’ ಗ್ರಾಫಿಕ್ಸ್ ಕಾರ್ಡುಗಳು ಬಂದಾಗ ಅವುಗಳ ಚಿಪ್ಪಿನ ಮೇಲೆ ಫ್ಯಾನು ಹಾಗಿರಲಿ, ಸಾಮಾನ್ಯವಾಗಿ ಒಂದು ಲೋಹದ ತುಂಡೂ ಇರುತ್ತಿರಲಿಲ್ಲ. ಮೂರೇ ವರ್ಷಗಳಲ್ಲಿ, 1999ರ ‘ಜೀಫೋರ್ಸ್ 256’ರ ಹೊತ್ತಿಗೆ, ಚಿಪ್ಪಿನ ನೆತ್ತಿಯ ಮೇಲೆ ಪುಟ್ಟ ಫ್ಯಾನೊಂದು ಏರಿ ಕುಳಿತಿತು. 2003ರ ‘ಎಫ್‌ಎಕ್ಸ್ 5800 ಅಲ್ಟ್ರಾ’ದ ಫ್ಯಾನಿನ ಗದ್ದಲವನ್ನು ಜನ ಕೂದಲು ಒಣಗಿಸುವ ಯಂತ್ರಕ್ಕೆ ಹೋಲಿಸಿ ನಕ್ಕರು, ಅದನ್ನು ಮಾಡಿದ ಎನ್‌ವಿಡಿಯಾದವರೇ ತಮ್ಮನ್ನು ಅಣಕಿಸಿಕೊಂಡು ಒಂದು ಕಿರುಚಿತ್ರ ತೆಗೆದರು.

ಮರೆತ ಪಾಠ ಎಲ್ಲರ ಕಣ್ಣಿಗೂ ಬಿದ್ದುದು 2001ರಲ್ಲಿ. ಅದು ಕಂಪ್ಯೂಟರಿನ ಮುಖ್ಯ ಚಿಪ್ಪಿನ ವಿಷಯ. ಆದರೂ ಇಲ್ಲಿ ಹೇಳಲೇಬೇಕು. ‘ಟಾಮ್ಸ್ ಹಾರ್ಡ್‌ವೇರ್’ ಎಂಬ ಪರೀಕ್ಷಕರ ತಂಡ, ಆಟ ನಡೆಯುತ್ತಿದ್ದಂತೆಯೇ ಚಿಪ್ಪಿನ ಮೇಲಿನ ಲೋಹದ ರೆಕ್ಕೆಗಳ ತಂಪುಕಾರಕವನ್ನು ಕಿತ್ತು ತೆಗೆದು ಚಿತ್ರೀಕರಿಸಿತು. ಇಂಟೆಲ್‌ನ ಪೆಂಟಿಯಂ 4 ತನ್ನ ವೇಗವನ್ನು ಇಳಿಸಿಕೊಂಡು, ಕುಂಟುತ್ತ, ಆಟವನ್ನು ಮುಂದುವರಿಸಿತು. ಎ.ಎಂ.ಡಿ.ಯ ಅಥ್ಲಾನ್ ಹೊಗೆ ಬಿಟ್ಟು ಸತ್ತಿತು. ಎಷ್ಟು ವೇಗವಾಗಿ ಓಡುತ್ತದೆ ಎಂಬುದೊಂದನ್ನೇ ಕೇಳುತ್ತಿದ್ದ ಜನ, ಎಲ್ಲಿ ನಿಲ್ಲುತ್ತದೆ ಎಂದು ಕೇಳಲು ತೊಡಗಿದುದು ಅಂದಿನಿಂದಲೇ ಎಂದು ನನಗೆ ತೋರುತ್ತದೆ.

ಅತಿ ಸೋಜಿಗದ ಪ್ರಸಂಗವೆಂದರೆ 2010ರದು. ಆ ವರ್ಷ ಬಂದ ‘ಸ್ಟಾರ್‌ಕ್ರಾಫ್ಟ್ 2’ ಆಟದಲ್ಲಿ ಕಾರ್ಡುಗಳು ಕಾದು ಹೋಗುತ್ತಿದ್ದುವು. ಅದೂ ಘೋರ ಯುದ್ಧದ ನಡುವೆ ಅಲ್ಲ, ಏನೂ ನಡೆಯದ ಮೆನುವಿನ ಪರದೆಯಲ್ಲಿ! ಯುದ್ಧದ ಚಿತ್ರ ಬರೆಯುವುದು ಕಷ್ಟದ ಕೆಲಸ. ಆದಕಾರಣ ಕಾರ್ಡು ಸೆಕೆಂಡಿಗೆ ಕೆಲವೇ ಹತ್ತು ಚಿತ್ರಗಳನ್ನು ಬರೆದೀತು. ಮೆನುವಿನ ಚಿತ್ರ ಸುಲಭ. ‘ಸಾಕು’ ಎನ್ನುವವರಿಲ್ಲದೆ ಕಾರ್ಡು ಅದೇ ಚಿತ್ರವನ್ನು ಸೆಕೆಂಡಿಗೆ ನೂರಾರು ಸಲ ಬರೆಯುತ್ತ ಬೆವರುತ್ತಿತ್ತು. ಕೆಲಸವಿಲ್ಲದಾಗಲೇ ಹೆಚ್ಚು ದಣಿಯುವವರನ್ನು ನಾವು ಕಚೇರಿಗಳಲ್ಲಿಯೂ ಕಂಡಿದ್ದೇವಷ್ಟೆ. ಆಟ ಮಾಡಿದ ಬ್ಲಿಝಾರ್ಡ್ ಕಂಪನಿ, ಮೆನುವಿನಲ್ಲಿ ಸೆಕೆಂಡಿಗೆ 30 ಚಿತ್ರಗಳೆಂದು ಮಿತಿ ಹಾಕುವ ಉಪಾಯವನ್ನು ತಿಳಿಸಿತು. ಜೊತೆಗೆ, ಗಾಳಿ ಸಾಲದ ಯಂತ್ರಗಳು ಮಾತ್ರ ಹೀಗೆ ಕಾಯುತ್ತವೆಂದು ಸೂಚಿಸಲೂ ಮರೆಯಲಿಲ್ಲ. ತಪ್ಪಿನ ಒಂದು ಪಾಲನ್ನು ಆಡುವವನ ಮನೆಯ ಧೂಳಿಗೆ ಕೊಡುವುದು ಈ ಚರಿತ್ರೆಯಲ್ಲಿ ಹಳೆಯ ರೂಢಿ.

ಧೂಳು ನಿರಪರಾಧಿಯೆಂದು ನಾನು ಹೇಳುತ್ತಿಲ್ಲ. ನನ್ನ ಅಕ್ಕನ ಮಗ ಕಲಬುರಗಿಯಲ್ಲಿದ್ದಾನೆ. ಮೇ ತಿಂಗಳಲ್ಲಿ ಅಲ್ಲಿ 40 ಡಿಗ್ರಿ ದಾಟುವುದು ಹೊಸದಲ್ಲ. ರಾತ್ರಿ ಆಟವಾಡುವ ಯಂತ್ರದಲ್ಲೇ ಹಗಲು ಮದುವೆ ವಿಡಿಯೋಗಳನ್ನು ಜೋಡಿಸಿ ಸಂಪಾದಿಸುತ್ತಾನೆ. ಮದುವೆಯ ಕಾಲದಲ್ಲೇ ಯಂತ್ರ ಆರತೊಡಗಿತು. “ಮಾಮಾ, ಕಾರ್ಡ್ ಸುಟ್ಟದ ಅಂತ ಅಂಗಡಿಯಾಂವ ಹೇಳ್ತಾನ,” ಎಂದು ಫೋನು ಮಾಡಿದ. ಹೊಸ ಕಾರ್ಡೆಂದರೆ ಆ ವರ್ಷದ ದುಡಿಮೆಯೆಲ್ಲ ಅದಕ್ಕೇ. ನಾನು ಈ ಚರಿತ್ರೆಯನ್ನು ಓದಲು ಕುಳಿತುದು ಆಗ. ಓದಿದುದರಿಂದ ಎರಡು ಮಾತು ತಿಳಿದುವು. ಕಾರ್ಡು ಕಾದಾಗ ಮೊದಲು ವೇಗ ಇಳಿಸುತ್ತದೆ, ಫ್ಯಾನು ಕೂಗುತ್ತದೆ, ಚಿತ್ರ ತಡವರಿಸುತ್ತದೆ, ಆರುವುದು ಆಮೇಲೆ. ಯಾವ ಸೂಚನೆಯೂ ಇಲ್ಲದೆ, ಕರೆಂಟು ಹೋದಂತೆ, ಇಡೀ ಯಂತ್ರ ಥಟ್ಟನೆ ಸತ್ತರೆ ವಿದ್ಯುತ್ತು ಒದಗಿಸುವ ಪೆಟ್ಟಿಗೆಯನ್ನು, ಎಂದರೆ ಪವರ್ ಸಪ್ಲೈಯನ್ನು, ಮೊದಲು ಸಂಶಯಿಸಬೇಕು. ಕಾವನ್ನು ಬರೆದಿಡುವ ತಂತ್ರಾಂಶ ಹಾಕಿ ನೋಡು ಎಂದೆ. ಆರುವ ಗಳಿಗೆಯಲ್ಲಿ ಕಾರ್ಡಿನ ಕಾವು 71 ಡಿಗ್ರಿ. ಅದಕ್ಕೆ ಅದು ಜ್ವರವೇ ಅಲ್ಲ. ರೆಕ್ಕೆಗಳ ನಡುವೆ ಕಂಬಳಿಯಂತೆ ಕುಳಿತಿದ್ದ ಧೂಳನ್ನು ತೆಗೆದಾಗ ಕಾವು ಇನ್ನೂ ಇಳಿಯಿತು, ಆದರೆ ಆರುವುದು ನಿಲ್ಲಲಿಲ್ಲ. ಪವರ್ ಸಪ್ಲೈ ಬದಲಾಯಿಸಿದ ಮೇಲೆ ನಿಂತಿತು.

ಇದೂ ಚರಿತ್ರೆಯ ಒಂದು ತುಣುಕೇ. 2020ರಲ್ಲಿ ಬಂದ ಎನ್‌ವಿಡಿಯಾದ 3080, 3090 ಕಾರ್ಡುಗಳು ಸೆಕೆಂಡಿನ ಸಾವಿರದ ಕೆಲವು ಪಾಲಿನಷ್ಟು ಹೊತ್ತು ತಮ್ಮ ಹೇಳಿಕೆಗಿಂತ ಬಹಳ ಹೆಚ್ಚು ವಿದ್ಯುತ್ತನ್ನು ಎಳೆಯುತ್ತಿದ್ದುವು. ಪವರ್ ಸಪ್ಲೈ ಬೆದರಿ ಬಾಗಿಲು ಮುಚ್ಚುತ್ತಿತ್ತು. 2022ರ ‘ಎ.ಟಿ.ಎಕ್ಸ್. 3.0’ ನಿಯಮದಲ್ಲಿ ಇಂಥ ಕ್ಷಣಿಕ ಸೆಳೆತವನ್ನು ಮನ್ನಿಸಬೇಕೆಂದು ಬರೆದರು.

ಅದೇ ವರ್ಷದ ಡಿಸೆಂಬರಿನಲ್ಲಿ ಎ.ಎಂ.ಡಿ.ಯ ‘7900 ಎಕ್ಸ್‌ಟಿಎಕ್ಸ್’ ಕಾರ್ಡುಗಳಲ್ಲಿ ಕೆಲವು 110 ಡಿಗ್ರಿ ಮುಟ್ಟಿದುವು. ಕಾರ್ಡನ್ನು ಎಲ್ಲರಂತೆ ಅಡ್ಡಲಾಗಿ ಕೂರಿಸಿದರೆ ಕಾವು ಏರುತ್ತಿತ್ತು, ನೆಟ್ಟಗೆ ನಿಲ್ಲಿಸಿದರೆ ಕಡಮೆ. ಮೊದಲು ಕಂಪನಿ ಇದು ಸಹಜವೆಂದಿತು. ಬಳಸುವವರೂ ಪರೀಕ್ಷಕರೂ ಬಿಡದೆ ಅಳೆದರು. 2023ರ ಜನವರಿಯಲ್ಲಿ ನಿಜ ಹೊರಬಿತ್ತು: ಕಾವನ್ನು ಆವಿಯಾಗಿ ಸಾಗಿಸುವ ತಾಮ್ರದ ಕೋಶದೊಳಗೆ ಕೆಲವು ಕಾರ್ಡುಗಳಲ್ಲಿ ನೀರು ಸಾಲದಾಗಿತ್ತು. ಕಂಪನಿ ಅವನ್ನು ಬದಲಾಯಿಸಿಕೊಡಲು ಒಪ್ಪಿತು.

450 ವ್ಯಾಟ್ ಎಳೆಯುವ ಎನ್‌ವಿಡಿಯಾದ ‘4090’ರಲ್ಲಿ ಕರಗಿದುದು ಚಿಪ್ಪಲ್ಲ, ಪ್ಲಗ್ಗು. 2022ರ ಅಕ್ಟೋಬರಿನಲ್ಲಿ ದೂರುಗಳು ಬಂದುವು. ಪ್ಲಗ್ಗನ್ನು ಪೂರ್ತಿ ಒತ್ತದಿರುವುದೇ ಸಾಮಾನ್ಯ ಕಾರಣವೆಂದು ಕಂಪನಿ ಹೇಳಿತು. ಇಷ್ಟು ದುಬಾರಿ ವಸ್ತುವಿನ ಪ್ಲಗ್ಗು ಪೂರ್ತಿ ಕೂತಿತೋ ಇಲ್ಲವೋ ಎಂಬುದು ಕೊಂಡವನ ಹೆಬ್ಬೆರಳಿನ ಬಲಕ್ಕೆ ಬಿಟ್ಟದ್ದಾಗಿರಬೇಕೇ? 2023ರಲ್ಲಿ ಪ್ಲಗ್ಗಿನ ಸೂಚಕ ಸೂಜಿಗಳನ್ನು ಗಿಡ್ಡ ಮಾಡಿದರು. ಸರಿಯಾಗಿ ಕೂರದಿದ್ದರೆ ಕಾರ್ಡು ವಿದ್ಯುತ್ತನ್ನೇ ಎಳೆಯುವುದಿಲ್ಲ. ಆದರೂ 2025ರ ಫೆಬ್ರವರಿಯಲ್ಲಿ, 575 ವ್ಯಾಟಿನ ‘5090’ರಲ್ಲಿ, ಕರಗಿದ ಪ್ಲಗ್ಗುಗಳ ಚಿತ್ರಗಳು ಮತ್ತೆ ಬಂದುವು. ಪರೀಕ್ಷಕರು ಅಳೆದಾಗ ತಂತಿಗಳು ಭಾರವನ್ನು ಸಮನಾಗಿ ಹೊರುತ್ತಿರಲಿಲ್ಲ. ಒಂದೆರಡು ತಂತಿಗಳು ಉಳಿದವುಗಳ ಪಾಲನ್ನೂ ಹೊತ್ತು ಸುಡುತ್ತಿದ್ದುವು. ಚಿಪ್ಪಿನ ಕಾವನ್ನು ನೋಡುವ ಕಾವಲುಗಾರ ಎಚ್ಚರವಾಗಿಯೇ ಇದ್ದ. ತಂತಿಯ ಕಡೆ ನೋಡೆಂದು ಅವನಿಗೆ ಯಾರೂ ಹೇಳಿರಲಿಲ್ಲ.