ಫ್ರೀಡಂ ಪಾರ್ಕ್ ಆಗುವ ಮುಂಚೆ ಅದು ಜೈಲಾಗಿತ್ತು

ಹೋರಾಟಕ್ಕೆಂದು ಬೆಂಗಳೂರಿಗೆ ಹೋದವರಿಗೆಲ್ಲ ಫ್ರೀಡಂ ಪಾರ್ಕ್ ಗೊತ್ತು. ರಾತ್ರಿ ಬಸ್ಸು ಹತ್ತಿ, ಬೆಳಗಿನ ಜಾವ ಮೆಜೆಸ್ಟಿಕ್‌ನಲ್ಲಿ ಇಳಿದು, ಚೀಲ ಹೆಗಲಿಗೇರಿಸಿ ನಡೆದರೆ ಶೇಷಾದ್ರಿ ರಸ್ತೆಯಲ್ಲಿ ಸಿಗುತ್ತದೆ. ಹಸಿರು ಶಾಲಿನ ರೈತರು, ಆಶಾ ಕಾರ್ಯಕರ್ತೆಯರು, ಬಿಸಿಯೂಟದ ಅಮ್ಮಂದಿರು, ಎಲ್ಲರೂ ಧರಣಿ ಕೂರುವುದು ಅಲ್ಲೇ.

ನಮ್ಮ ಜಿಲ್ಲೆಯವರ ಧರಣಿಯೊಂದರ ವರದಿಗೆ ನಾವೂ ಹೋಗಿದ್ದೆವು. ಜೊತೆಯಲ್ಲಿದ್ದ ಅಜ್ಜಿಯೊಬ್ಬರು ಒಳಗಿನ ಗೋಪುರ ತೋರಿಸಿ, 'ಅದೇನಪ್ಪಾ, ನೀರಿನ ಟ್ಯಾಂಕಾ?' ಎಂದು ಕೇಳಿದರು. 'ಅಲ್ಲ ಅಜ್ಜಿ, ಜೈಲಿನ ಕಾವಲು ಗೋಪುರ. ಇದು ಹಳೇ ಸೆಂಟ್ರಲ್ ಜೈಲು' ಎಂದೆವು. ಅಜ್ಜಿ ನಕ್ಕರು: 'ಹಂಗಾದ್ರೆ ನಮ್ಮನ್ನ ಜೈಲೊಳಗೇ ಕೂರ್ಸಿದಾರೆ ಅನ್ನು.'

ಆ ಮಾತು ತಲೆಯಲ್ಲೇ ಉಳಿಯಿತು. ಆ ಜೈಲಿನ ಕಥೆ ನಮ್ಮ ಹಳ್ಳಿಗಳಿಗೂ ಸೇರಿದ್ದು. ಅದಕ್ಕೇ ಇಲ್ಲಿ ಹೇಳುತ್ತಿದ್ದೇವೆ.

ಮೈಸೂರು ಸಂಸ್ಥಾನ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಕೈಯಲ್ಲಿತ್ತು. ಅವರಲ್ಲೊಬ್ಬರಾದ ಲೆವಿನ್ ಬೌರಿಂಗ್ ಕಾಲದಲ್ಲಿ, 1867ರ ಸುಮಾರಿಗೆ, ಈ ಜೈಲು ಕಟ್ಟಲಾಯಿತು. ನಡುವೆ ಕಾವಲು ಗೋಪುರ, ಅದರ ಸುತ್ತ ಬ್ಯಾರಕ್‌ಗಳು. ಗೋಪುರದ ಮೇಲೆ ನಿಂತ ಒಬ್ಬನೇ ಕಾವಲುಗಾರ ಎಲ್ಲ ಕಡೆ ಕಣ್ಣಿಡಬಹುದು. ತನ್ನನ್ನು ಯಾರಾದರೂ ನೋಡುತ್ತಿದ್ದಾರೋ ಇಲ್ಲವೋ ಎಂಬುದು ಕೈದಿಗೆ ತಿಳಿಯುವುದಿಲ್ಲ, ಹಾಗಾಗಿ ಯಾವಾಗಲೂ ಹೆದರಿಕೊಂಡೇ ಇರುತ್ತಾನೆ. ಆ ಕಾಲದ ಜೈಲು ಕಟ್ಟುವವರ ಲೆಕ್ಕಾಚಾರವೇ ಅದು.

ಬ್ಯಾರಕ್ ಎಂದರೆ ಉದ್ದನೆಯ ಹಜಾರ. ಸಂಜೆ ಎಣಿಕೆ ಮಾಡಿ ಒಳಗೆ ಕೂಡಿ ಬೀಗ ಹಾಕಿದರೆ ತೆಗೆಯುವುದು ಬೆಳಗ್ಗೆಯೇ. ನೆಲದ ಮೇಲೆ ಸಾಲಾಗಿ ಮಲಗಬೇಕು. ಬ್ರಿಟಿಷರ ಕಾಲದಿಂದ ಬಂದ ಇನ್ನೊಂದು ಪದ್ಧತಿ ಎಂದರೆ ಕೈದಿಗಳ ವರ್ಗ. ಓದು, ಅಂತಸ್ತು ನೋಡಿ ಕೆಲವರಿಗೆ 'ಎ', 'ಬಿ' ದರ್ಜೆಯ ಸೌಲಭ್ಯ. ಕೂಲಿಕಾರ, ಬಡ ರೈತ 'ಸಿ' ದರ್ಜೆ. ಹೊರಗಿನ ಮೇಲು ಕೀಳು ಒಳಗೂ ಹಾಗೇ ನಡೆಯಿತು.

ಈ ಜೈಲಿಗೂ ನಮ್ಮ ಶಿವಮೊಗ್ಗ ಜಿಲ್ಲೆಗೂ ಇರುವ ನಂಟು ಈಸೂರು. ಶಿಕಾರಿಪುರ ತಾಲ್ಲೂಕಿನ ಈ ಹಳ್ಳಿ 1942ರ ಕ್ವಿಟ್ ಇಂಡಿಯಾ ಚಳವಳಿಯಲ್ಲಿ ತಾನು ಸ್ವತಂತ್ರ ಎಂದು ಘೋಷಿಸಿಕೊಂಡಿತು. ಕಂದಾಯ ಕೊಡುವುದಿಲ್ಲ ಎಂದಿತು. ಊರ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಎಂದು ನೇಮಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ಸರ್ಕಾರದ ಅಧಿಕಾರಿಗಳು ಪೊಲೀಸರೊಂದಿಗೆ ಬಂದಾಗ ಘರ್ಷಣೆಯಾಗಿ, ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಇಬ್ಬರೂ ಸತ್ತರು. ಆಮೇಲೆ ಊರಿನ ಮೇಲೆ ಪೊಲೀಸರು, ಸೈನಿಕರು ಮುಗಿಬಿದ್ದರು. ಜನ ಮನೆ ಬಿಟ್ಟು ಕಾಡು ಸೇರಿದರು.

ವಿಚಾರಣೆ ನಡೆದು ಐವರಿಗೆ ಗಲ್ಲು ಶಿಕ್ಷೆಯಾಯಿತು. ಗುರಪ್ಪ, ಜಿನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಬಡಕಹಳ್ಳಿ ಹಾಲಪ್ಪ, ಗೌಡ್ರ ಶಂಕರಪ್ಪ. 1943ರ ಮಾರ್ಚ್ 8ರಿಂದ 10ರವರೆಗೆ, ಮೂರು ದಿನಗಳಲ್ಲಿ, ಬೆಂಗಳೂರಿನ ಈ ಜೈಲಿನಲ್ಲೇ ಅವರನ್ನು ಗಲ್ಲಿಗೇರಿಸಿದರು. ನಾಲ್ಕೂವರೆ ವರ್ಷದೊಳಗೆ ದೇಶ ಸ್ವತಂತ್ರವಾಯಿತು. ಅಂದಿನ ಕೋರ್ಟಿನ ಕಡತದಲ್ಲಿ ಅವರು ಕೊಲೆಗಾರರು, ಇಂದಿನ ಪಠ್ಯಪುಸ್ತಕದಲ್ಲಿ ಹುತಾತ್ಮರು.

ಬ್ರಿಟಿಷರು ಹೋದರು, ಜೈಲು ಉಳಿಯಿತು. 1894ರಲ್ಲಿ ಅವರು ಮಾಡಿದ ಕಾರಾಗೃಹ ಕಾಯ್ದೆಯ ಜಾಯಮಾನವೂ ಉಳಿಯಿತು.

1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಬಂತು. ಸಂಸತ್ತಿನ ಸಮಿತಿಯ ಸಭೆಗೆಂದು ಬೆಂಗಳೂರಿಗೆ ಬಂದಿದ್ದ ಅಟಲ್ ಬಿಹಾರಿ ವಾಜಪೇಯಿ, ಎಲ್.ಕೆ. ಅಡ್ವಾಣಿ, ಮಧು ದಂಡವತೆ, ಶ್ಯಾಮ್ ನಂದನ್ ಮಿಶ್ರಾ ಅವರನ್ನು ಬಂಧಿಸಿ ಈ ಜೈಲಿಗೆ ತಂದರು. ಎಚ್.ಡಿ. ದೇವೇಗೌಡರೂ ಇಲ್ಲೇ ಇದ್ದರು. ಮುಂದೆ ಪ್ರಧಾನಿಯಾದ ಇಬ್ಬರು ಇದೇ ಗೋಡೆಗಳ ಒಳಗೆ ಕೈದಿಗಳಾಗಿದ್ದರು.

ಇವರ ಮೇಲೆ ಆರೋಪಪಟ್ಟಿ ಇರಲಿಲ್ಲ, ವಿಚಾರಣೆಯೂ ಇರಲಿಲ್ಲ. 'ಮೀಸಾ' ಎಂಬ ಕಾಯ್ದೆಗೆ ಅದ್ಯಾವುದೂ ಬೇಕಿರಲಿಲ್ಲ. ಅವರು ಕರ್ನಾಟಕ ಹೈಕೋರ್ಟಿಗೆ ಹೋದರು. ಬೇರೆ ರಾಜ್ಯಗಳ ಇಂಥದೇ ಪ್ರಕರಣಗಳ ಜೊತೆ ವಿಷಯ ಸುಪ್ರೀಂ ಕೋರ್ಟ್ ತಲುಪಿತು. 1976ರ ಏಪ್ರಿಲ್ 28ರಂದು ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು, ತುರ್ತು ಪರಿಸ್ಥಿತಿಯಲ್ಲಿ ಬಂಧನವನ್ನು ಕೋರ್ಟಿನಲ್ಲಿ ಪ್ರಶ್ನಿಸುವಂತಿಲ್ಲ ಎಂದರು. ಒಪ್ಪದವರು ಎಚ್.ಆರ್. ಖನ್ನಾ ಒಬ್ಬರೇ. ಆ ತೀರ್ಪು ತಪ್ಪು ಎಂದು ಸುಪ್ರೀಂ ಕೋರ್ಟೇ ಹೇಳಿದ್ದು 2017ರಲ್ಲಿ.

ನಾಯಕರ ಜೈಲುವಾಸವನ್ನು ಎಲ್ಲರೂ ನೆನೆಯುತ್ತಾರೆ. ಸ್ನೇಹಲತಾ ರೆಡ್ಡಿ ಅವರನ್ನು ನೆನೆಯುವವರು ಕಡಿಮೆ. 'ಸಂಸ್ಕಾರ' ಚಿತ್ರದ ನಟಿ. ಬರೋಡಾ ಡೈನಮೈಟ್ ಪ್ರಕರಣದ ಹೆಸರಿನಲ್ಲಿ 1976ರ ಮೇ ತಿಂಗಳಲ್ಲಿ ಅವರನ್ನು ಹಿಡಿದರು. ಈ ಗಂಡಸರ ಜೈಲಿನ ಆವರಣದಲ್ಲೇ ಹೆಂಗಸರಿಗೂ ಒಂದು ಭಾಗವಿತ್ತು. ಅವರಿಗೆ ಅಸ್ತಮಾ ಇತ್ತು. ವಿಚಾರಣೆಯಿಲ್ಲದೆ ಎಂಟು ತಿಂಗಳು ಒಳಗಿಟ್ಟು, ಕಾಯಿಲೆ ಕೈಮೀರಿದ ಮೇಲೆ 1977ರ ಜನವರಿಯಲ್ಲಿ ಪೆರೋಲ್ ಮೇಲೆ ಬಿಟ್ಟರು. ಕೆಲವೇ ದಿನಗಳಲ್ಲಿ, ಜನವರಿ 20ರಂದು, ತೀರಿಕೊಂಡರು. ಯಾವ ಕೋರ್ಟೂ ಅವರನ್ನು ಅಪರಾಧಿ ಎಂದಿರಲಿಲ್ಲ.

2000ದ ಹೊತ್ತಿಗೆ ಕೈದಿಗಳನ್ನು ಪರಪ್ಪನ ಅಗ್ರಹಾರಕ್ಕೆ ಸಾಗಿಸಿದರು. ಹಳೇ ಜೈಲು 2008ರ ನವೆಂಬರ್‌ನಲ್ಲಿ ಫ್ರೀಡಂ ಪಾರ್ಕ್ ಆಯಿತು. ಗೋಪುರ, ಬ್ಯಾರಕ್ ಗುರುತಿಗೆ ಉಳಿದಿವೆ. ಆದರೆ ವಿಚಾರಣೆ ಮುಗಿಯದೆ ಒಳಗಿರುವುದು ಹಳೇ ಜೈಲಿನೊಂದಿಗೆ ಮುಗಿಯಲಿಲ್ಲ.

2022ರ ಕೊನೆಗೆ ದೇಶದ ಜೈಲುಗಳಲ್ಲಿ 5,73,220 ಮಂದಿ ಇದ್ದರು ಎನ್ನುತ್ತದೆ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ. ಅವರಲ್ಲಿ 4,34,302 ಮಂದಿ ವಿಚಾರಣಾಧೀನರು. ಅಂದರೆ ಜೈಲಲ್ಲಿರುವ ನಾಲ್ವರಲ್ಲಿ ಮೂವರ ತಪ್ಪು ಸಾಬೀತಾಗಿಲ್ಲ. 100 ಜನರ ಜಾಗದಲ್ಲಿ 131 ಜನ. ಹೆಚ್ಚು ಕಡಿಮೆ ಎಲ್ಲರೂ ಗಂಡಸರೇ, ಅವರಲ್ಲಿ ಬಹುಪಾಲು ದುಡಿದು ತರುವ ವಯಸ್ಸಿನವರು.

ಜಾತಿಯೂ ಒಳಗೆ ಹೋಗಿದೆ. ಅಡುಗೆಗೆ ಒಂದು ಜಾತಿ, ಗುಡಿಸಲು ಇನ್ನೊಂದು ಜಾತಿ ಎಂಬ ನಿಯಮ ಕೆಲವು ರಾಜ್ಯಗಳ ಜೈಲು ಕೈಪಿಡಿಗಳಲ್ಲಿ ಬರಹದಲ್ಲೇ ಇತ್ತು. ಸುಕನ್ಯಾ ಶಾಂತಾ ಎಂಬ ಪತ್ರಕರ್ತೆ ಅದನ್ನು ಬಯಲಿಗೆಳೆದು ಕೋರ್ಟಿಗೂ ಹೋದರು. 2024ರ ಅಕ್ಟೋಬರ್ 3ರಂದು ಸುಪ್ರೀಂ ಕೋರ್ಟ್ ಅಂಥ ನಿಯಮಗಳನ್ನು ರದ್ದು ಮಾಡಿತು. ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಯಿರಿ ಎಂದಿತು.

ನಮ್ಮ ತಾಲ್ಲೂಕು ಕೋರ್ಟಿನ ಮುಂದೆ ನಿಂತರೆ ಇನ್ನೊಂದು ಕಾಣುತ್ತದೆ. ಜಾಮೀನು ಮಂಜೂರಾಗಿರುತ್ತದೆ, ಆದರೆ ಮನುಷ್ಯ ಹೊರಗೆ ಬಂದಿರುವುದಿಲ್ಲ. ಶ್ಯೂರಿಟಿಗೆ ಪಹಣಿ ಬೇಕು. ಜಮೀನಿಲ್ಲದವನು ಯಾರ ಪಹಣಿ ತರುತ್ತಾನೆ? ಹೆಂಡತಿ ಊರ ಗೌಡರ ಮನೆ, ಅಣ್ಣ ತಮ್ಮಂದಿರ ಮನೆ ಸುತ್ತುತ್ತಾಳೆ. 'ನಾಳೆ ನೋಡಾಣ ಕಣವ್ವ' ಎನ್ನುತ್ತಾರೆ. ಆ ನಾಳೆ ಬರುವವರೆಗೆ ಗಂಡ ಒಳಗೇ.

ನಮ್ಮ ತಪ್ಪನ್ನೂ ಹೇಳಿಕೊಳ್ಳಬೇಕು. ಪೊಲೀಸರು ಕಳಿಸಿದ ಫೋಟೊ ಹಾಕಿ 'ಕಳ್ಳನ ಬಂಧನ' ಎಂದು ನಾವು ಎಷ್ಟೋ ಸಲ ಬರೆದಿದ್ದೇವೆ. ಅದೇ ಮನುಷ್ಯ ಮೂರು ವರ್ಷದ ಮೇಲೆ ನಿರ್ದೋಷಿ ಎಂದು ಬಿಡುಗಡೆಯಾದಾಗ ಒಂದು ಸಾಲೂ ಬರೆದಿಲ್ಲ. ಅವನ ಮಕ್ಕಳ ಶಾಲೆಯಲ್ಲಿ, ಊರ ಹೋಟೆಲಿನಲ್ಲಿ ಉಳಿದದ್ದು ನಮ್ಮ ಮೊದಲ ಸುದ್ದಿಯೇ. ಇನ್ನು ಮುಂದೆ ಬಂಧನದ ಸುದ್ದಿ ಹಾಕಿದ ಕೇಸುಗಳ ತೀರ್ಪನ್ನೂ ಬರೆಯಬೇಕು ಎಂದು ನಾವು ಮಾತಾಡಿಕೊಂಡಿದ್ದೇವೆ.

ನಿಮ್ಮ ಕಡೆಯ ಯಾರಾದರೂ ಒಳಗಿದ್ದರೆ ಇಷ್ಟು ತಿಳಿದಿರಲಿ. ಬಂಧನದಲ್ಲಿರುವವರಿಗೆ ಸರ್ಕಾರದಿಂದ ಉಚಿತವಾಗಿ ವಕೀಲರು ಸಿಗುತ್ತಾರೆ, ಆದಾಯ ಎಷ್ಟು ಎಂದು ಕೇಳುವಂತಿಲ್ಲ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ. 2024ರ ಜುಲೈನಿಂದ ಜಾರಿಯಾದ ಹೊಸ ಕಾನೂನಿನ 479ನೇ ಕಲಂ ಪ್ರಕಾರ, ಹಿಂದೆ ಯಾವ ಅಪರಾಧದಲ್ಲೂ ಶಿಕ್ಷೆಯಾಗದವರು ಈಗ ಆರೋಪವಿರುವ ಅಪರಾಧದ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗ ಒಳಗೆ ಕಳೆದಿದ್ದರೆ ಬಾಂಡ್ ಮೇಲೆ ಬಿಡಬೇಕು. 3 ವರ್ಷದ ಶಿಕ್ಷೆಯ ಕೇಸಾದರೆ 1 ವರ್ಷ. ಕೋರ್ಟಿಗೆ ಅರ್ಜಿ ಹಾಕುವುದು ಜೈಲು ಅಧೀಕ್ಷಕರ ಕೆಲಸ. ಹಳೇ ಕೇಸುಗಳಿಗೂ ಇದು ಅನ್ವಯ. ಗಲ್ಲು, ಜೀವಾವಧಿ ಶಿಕ್ಷೆಯ ಕೇಸುಗಳಿಗೆ ಮತ್ತು ಒಂದಕ್ಕಿಂತ ಹೆಚ್ಚು ಕೇಸು ಬಾಕಿ ಇರುವವರಿಗೆ ಇದು ಇಲ್ಲ.

ಮುಂದಿನ ಸಲ ಧರಣಿಗೆ ಹೋದಾಗ ಆ ಗೋಪುರದ ಹತ್ತಿರ ಒಂದು ನಿಮಿಷ ನಿಲ್ಲಿ. ಈಸೂರಿನ ಐವರ ಹೆಸರು ಜೊತೆಯಲ್ಲಿರುವ ಮಕ್ಕಳಿಗೆ ಹೇಳಿ. ಜೈಲಿಗೆ ಹೋದವರೆಲ್ಲ ಕಳ್ಳರಲ್ಲ ಎಂಬುದನ್ನೂ ಹೇಳಿ.