ಒಂದಕ್ಕೆ ಎಪ್ಪತ್ತೆರಡು

ಊರಿಂದ ಯಾರಾದರೂ ನೆಂಟರು ಪುಣೆಗೆ ಬಂದರೆ ಮೊದಲು ಶನಿವಾರವಾಡಾ, ಆಮೇಲೆ ಸಿಂಹಗಡ, ಚಿತಳೆಯವರ ಬಾಕರವಡಿ... ಇಷ್ಟು ಮುಗಿದ ಮೇಲೆ ಮನೆಗೆ ಬಂದು ಕೂತು, ಟಿವಿ ಪಕ್ಕದ ಗಾಜಿನ ಕಪಾಟು ನೋಡಿ ಕೇಳೇ ಕೇಳುತ್ತಾರೆ: "ಇದೇನ್ರೀ, ಈ ವಯಸ್ಸಲ್ಲಿ ಆಟದ ವಿಮಾನ?" ನನ್ನಾಕೆ ಅಡುಗೆಮನೆಯಿಂದಲೇ ಉತ್ತರ ಕೊಡುತ್ತಾಳೆ, "ನನ್ನ ಬಿಂದಿ ಪಾಕೀಟು ಎಲ್ಲಿ ಹೋಯ್ತು ಅಂತ ಅವರನ್ನೇ ಕೇಳಿ". ಬಿಂದಿಯ ಕಥೆ ಆಮೇಲೆ ಹೇಳ್ತೀನಿ.

ನಾನು ಪಿಂಪ್ರಿಗೆ ಬಂದದ್ದು 1983ರಲ್ಲಿ, ಟೂಲ್‌ರೂಮ್ ಕೆಲಸಕ್ಕೆ. ಪ್ಲಾಸ್ಟಿಕ್ ಅಚ್ಚು ಮಾಡುವುದೇ ಹೊಟ್ಟೆಪಾಡು. ಬಕೆಟ್ಟಿನ ಹಿಡಿ, ಸ್ವಿಚ್ಚಿನ ಮುಚ್ಚಳ, ಕಾರಿನ ಡ್ಯಾಶ್‌ಬೋರ್ಡಿನ ಚೂರು, ಹೀಗೆ. 90ರ ದಶಕದಲ್ಲಿ ಒಂದು ದಿನ ನಮ್ಮ ಬಿಲ್ಡಿಂಗಿನ ಬ್ಯಾಂಕ್ ಕಾಕಾ ಒಂದು ಪೆಟ್ಟಿಗೆ ತಂದು ನನ್ನ ಮುಂದಿಟ್ಟು, "ಹೇ ಬಘ್, ತುಝಾ ಧಂದಾ" ಅಂದರು. ಮಗ ವಿದೇಶದಿಂದ ತಂದುಕೊಟ್ಟ ವಿಮಾನದ ಕಿಟ್. ತೆರೆದು ನೋಡಿದರೆ ನಮ್ಮ ಅಚ್ಚಿನ ಕೆಲಸವೇ! ಒಂದು ಚೌಕಟ್ಟಿಗೆ ಅಂಟಿಕೊಂಡ ಐವತ್ತು ಅರವತ್ತು ಚೂರುಗಳು. ಅಚ್ಚಿನ ಎರಡು ಭಾಗ ಸೇರಿದಲ್ಲಿ ಎದ್ದ ಗೆರೆ, ಪಿನ್ ತಳ್ಳಿದ ಗುಂಡು ಗುರುತು, ದಪ್ಪ ಇರುವಲ್ಲಿ ಪ್ಲಾಸ್ಟಿಕ್ ತಣಿಯುವಾಗ ಬಿದ್ದ ಗುಳಿ. ದಿನವಿಡೀ ಬೇರೆಯವರ ಮಾಲಿನಲ್ಲಿ ಈ ತಪ್ಪುಗಳನ್ನು ಹುಡುಕುವವನಿಗೆ ಭಾನುವಾರವೂ ಅದೇ ಕೆಲಸ ಸಿಕ್ಕಿತು. ಸಂಬಳ ಮಾತ್ರ ಇಲ್ಲ :)

ಹಾಗೆ ಶುರುವಾದದ್ದು. ಕಾಕಾ, ನಾನು, ವಾಯುಸೇನೆಯ ನೆಲದ ಸಿಬ್ಬಂದಿಯಾಗಿದ್ದು ನಿವೃತ್ತರಾಗಿ ವಿಶ್ರಾಂತವಾಡಿಯಲ್ಲೇ ನೆಲೆಸಿದ ಒಬ್ಬ ಮಲಯಾಳಿ, ಆಮೇಲೆ ಸೇರಿಕೊಂಡ ಇಬ್ಬರು ಕಾಲೇಜು ಹುಡುಗರು. ವಾರಕ್ಕೊಮ್ಮೆ ಕಾಕಾ ಮನೆ ಬಾಲ್ಕನಿ, ಚಹಾ, ಪೋಹೆ, ಮತ್ತೆ ತಲೆಸುತ್ತು ಬರಿಸುವ ಅಂಟಿನ ವಾಸನೆ. ಪುಣೆಯ ಮಣ್ಣಿನಲ್ಲೇ ಈ ಹುಚ್ಚು ಇದೆ ಅಂತ ನನಗೆ ಅನ್ನಿಸುತ್ತದೆ. ಕರ್ವೆ ರಸ್ತೆಯಲ್ಲಿ ಜೋಶಿಯವರ ಪುಟ್ಟ ರೈಲುಗಳ ಮ್ಯೂಸಿಯಂ ಇದೆಯಲ್ಲ, 1998ರಲ್ಲಿ ತೆರೆದದ್ದು? ನೋಡಿಲ್ಲದಿದ್ದರೆ ಮಕ್ಕಳನ್ನು ಕರೆದುಕೊಂಡು ಹೋಗಿ. ಇನ್ನು ವಿಮಾನಕ್ಕೆ ನಾವು ತಲೆ ಎತ್ತಿದರೆ ಸಾಕು. ಲೋಹಗಾಂವ್‌ಗೆ 1997ರಲ್ಲಿ ಮೊದಲ ಸುಖೋಯ್ 30 ಬಂದವು. ಅದರ ಸದ್ದಿಗೆ ವಿಮಾನನಗರದ ಕಿಟಕಿ ಗಾಜು ನಡುಗಿದಾಗೆಲ್ಲ ಯಾರಾದರೊಬ್ಬರು ಬೈಯುತ್ತಾರೆ, ಇನ್ನೊಬ್ಬರು ಟೆರೇಸಿಗೆ ಓಡುತ್ತಾರೆ. ನಾವು ಎರಡನೆಯ ಜಾತಿ.

ಇರಲಿ, ಇತಿಹಾಸಕ್ಕೆ ಬರೋಣ. ಈ ಹವ್ಯಾಸದಲ್ಲಿ ಹೆಚ್ಚಿನ ಮಾದರಿಗಳ ಅಳತೆ 1:72. ಯಾಕೆ ಎಪ್ಪತ್ತೆರಡು? ನೂರು ಅಂತ ಇಟ್ಟಿದ್ದರೆ ಲೆಕ್ಕ ಸುಲಭವಿತ್ತಲ್ಲ? ಇದು ಅಡಿ-ಇಂಚಿನ ಕಾಲದ ಇಂಗ್ಲಿಷರ ಲೆಕ್ಕ. ಆರಡಿಗೆ ಎಪ್ಪತ್ತೆರಡು ಇಂಚು. ಆರಡಿ ಎತ್ತರದ ಮನುಷ್ಯ ಮಾದರಿಯಲ್ಲಿ ಒಂದು ಇಂಚು ಆಗುತ್ತಾನೆ, ಅಷ್ಟೇ ಗುಟ್ಟು. 1930ರ ದಶಕದ ಮೊದಲಲ್ಲಿ ಸ್ಕೈಬರ್ಡ್ಸ್ ಎಂಬ ಹೆಸರಿನ ಮರದ ಕಿಟ್‌ಗಳು ಈ ಅಳತೆಯಲ್ಲಿ ಬಂದವು. 1936ರಲ್ಲಿ ಫ್ರಾಗ್ ಕಂಪನಿ 'ಪೆಂಗ್ವಿನ್' ಅಂತ ಪ್ಲಾಸ್ಟಿಕ್ ಕಿಟ್ ತಂದಿತು (ಹಾರದ ಹಕ್ಕಿಯ ಹೆಸರು, ಹಾರದ ವಿಮಾನಕ್ಕೆ!).

ಆಟಿಕೆ ಅಂತ ನಗುವವರಿಗೆ ಒಂದು ವಿಷಯ ಹೇಳಬೇಕು. 1942ರಲ್ಲಿ ಅಮೆರಿಕದ ನೌಕಾಪಡೆ ಅಲ್ಲಿನ ಶಾಲಾಮಕ್ಕಳಿಗೆ ಐದು ಲಕ್ಷ ಮರದ ಮಾದರಿ ಮಾಡಿಕೊಡಿ ಅಂತ ಕೇಳಿತು. ಅಳತೆ ಇದೇ 1:72. ಆಕಾಶದಲ್ಲಿ ಕಾಣುವ ವಿಮಾನ ನಮ್ಮದೋ ಶತ್ರುವಿನದೋ ಅಂತ ನೆರಳು ನೋಡಿಯೇ ಹೇಳಲು ಸೈನಿಕರಿಗೆ ತರಬೇತಿ ಕೊಡಬೇಕಿತ್ತು. ಈ ಅಳತೆಯ ಮಾದರಿಯನ್ನು ಮೂವತ್ತೈದು ಅಡಿ ದೂರದಿಂದ ನೋಡಿದರೆ ನಿಜವಾದ ವಿಮಾನ ಸುಮಾರು ಅರ್ಧ ಮೈಲಿ ದೂರದಲ್ಲಿ ಕಂಡ ಹಾಗೆ. ಬೇಕಾದರೆ ಗುಣಿಸಿ ನೋಡಿ.

ಯುದ್ಧದ ನಂತರ ಏರ್‌ಫಿಕ್ಸ್. ಹಂಗೇರಿಯಿಂದ ಬಂದ ನಿಕೋಲಸ್ ಕೋವ್ 1939ರಲ್ಲಿ ಶುರುಮಾಡಿದ ಕಂಪನಿ. 1953ರಲ್ಲಿ ಅವರ ಮೊದಲ ಸ್ಪಿಟ್‌ಫೈರ್ ಬಂತು, ಅದರಿಂದ ಇಂಗ್ಲೆಂಡಿನ ಹುಡುಗರ ಒಂದಿಡೀ ತಲೆಮಾರು ಬೆರಳಿಗೆ ಅಂಟು ಮೆತ್ತಿಕೊಂಡಿತು. ನಮ್ಮಲ್ಲಿ ಆಗ ಆಮದಿನ ಬೇಲಿ. ಕಿಟ್ ಅಂದರೆ ವಿದೇಶದಲ್ಲಿರುವ ಅಣ್ಣ, ಮಾವ, ಇಲ್ಲವೇ ಹಡಗಿನಲ್ಲಿ ಕೆಲಸ ಮಾಡುವ ಗೆಳೆಯ. ಬಣ್ಣದ ಪುಟ್ಟ ಡಬ್ಬಿಗಳು ಸಿಗುತ್ತಿರಲಿಲ್ಲ. ಬಾಗಿಲಿಗೆ ಹಚ್ಚುವ ಎನಾಮಲ್‌ಗೆ ಟರ್ಪೆಂಟೈನ್ ಬೆರೆಸಿ ತೆಳು ಮಾಡಿದ್ದೇ ನಮ್ಮ ಬಣ್ಣ. ಸಂದಿ ಮುಚ್ಚಲು ನಲ್ಲಿ ಸೋರಿದರೆ ಹಚ್ಚುವ ಎಂ-ಸೀಲ್. ಕೊನೆಗೆ 2010ರ ನಂತರ ಕೆಲವು ಏರ್‌ಫಿಕ್ಸ್ ಪೆಟ್ಟಿಗೆಗಳ ಮೇಲೆಯೇ 'ಮೇಡ್ ಇನ್ ಇಂಡಿಯಾ' ಅಂತ ಬಂತು. ಅಚ್ಚಿನವನಾದ ನನಗೆ ಅದನ್ನು ಓದಿದ ದಿನ ಸುಮ್ಮನೆ ಖುಷಿ.

ಈಗ ಬಿಂದಿಯ ಕಥೆ. ಪೆಟ್ಟಿಗೆಯಲ್ಲಿ ಬರುವ ಅಂಟುಚಿತ್ರಗಳಲ್ಲಿ ಇಂಗ್ಲೆಂಡ್, ಫ್ರಾನ್ಸ್, ಇಸ್ರೇಲ್ ಎಲ್ಲ ಇರುತ್ತಿದ್ದವು, ನಮ್ಮ ಕೇಸರಿ-ಬಿಳಿ-ಹಸಿರಿನ ವೃತ್ತ ಸಿಗುವುದು ಅಪರೂಪ. ತುಳಶಿಬಾಗಿನಲ್ಲಿ ಸಿಗುವ ಗುಂಡು ಬಿಂದಿಗಳು ನಮ್ಮ ಪಾಲಿಗೆ ದೇವರು ಕೊಟ್ಟ ಅಳತೆಪಟ್ಟಿ. ಮೊದಲು ಹಸಿರು ಬಳಿ, ಒಣಗಿದ ಮೇಲೆ ಚಿಕ್ಕ ಬಿಂದಿ ಅಂಟಿಸಿ ಬಿಳಿ ಬಳಿ, ಅದರ ಮೇಲೆ ಸ್ವಲ್ಪ ದೊಡ್ಡ ಬಿಂದಿ ಅಂಟಿಸಿ ಕೇಸರಿ ಬಳಿ, ಎಲ್ಲ ಒಣಗಿದ ಮೇಲೆ ಮೆಲ್ಲಗೆ ಕೀಳು. ಹೊರಗೆ ಕೇಸರಿ, ಒಳಗೆ ಹಸಿರು. ಮೊದಲ ಸಲ ನಾನು ಉಲ್ಟಾ ಬಳಿದು ಆ ಮಲಯಾಳಿ ಚೇಟನಿಂದ ಬೈಸಿಕೊಂಡಿದ್ದೆ.

ಬೆಂಗಳೂರಿನ ವಿಮಾನ ಮಾಡಬೇಕು ಅನ್ನುವುದು ನನ್ನ ಹಟ. ನ್ಯಾಟ್ ಸುಲಭ, ಏರ್‌ಫಿಕ್ಸ್ ಕಿಟ್ ಇತ್ತು. ಹುಟ್ಟು ಇಂಗ್ಲೆಂಡಿನದಾದರೂ ಎಚ್‌ಎಎಲ್ ಬೆಂಗಳೂರಿನಲ್ಲಿ ಕಟ್ಟಿದ, 1965ರಲ್ಲಿ ಸೇಬರ್‌ಗಳನ್ನು ಕೆಡವಿ ಹೆಸರು ಮಾಡಿದ ವಿಮಾನ. ಮಾದರಿಯಲ್ಲಿ ರೆಕ್ಕೆಯ ತುದಿಯಿಂದ ತುದಿಗೆ ಒಂಬತ್ತೂವರೆ ಸೆಂಟಿಮೀಟರ್, ಅಂಗೈಯಲ್ಲಿ ಕೂರುತ್ತದೆ. ಕಷ್ಟ ಕೊಟ್ಟದ್ದು ಮಾರುತ. ಜರ್ಮನಿಯ ಕುರ್ಟ್ ಟ್ಯಾಂಕ್ ಎಚ್‌ಎಎಲ್‌ಗೆ ಬಂದು ರೂಪಿಸಿ, 1961ರ ಜೂನ್ 17ರಂದು ಸುರಂಜನ್ ದಾಸ್ ಮೊದಲ ಬಾರಿ ಹಾರಿಸಿದ ಮಾರುತದ ಕಿಟ್ ನಮ್ಮ ಕೈಗೆ ಸಿಗಲೇ ಇಲ್ಲ. ಕಾಕಾ ಮರದಲ್ಲಿ ಕೆತ್ತೋಣ ಅಂದರು. ಊರಿಗೆ ಹೋದಾಗ ಚನ್ನಪಟ್ಟಣದಲ್ಲಿ ಇಳಿದು ಬೊಂಬೆಗೆ ಬಳಸುವ ಹಾಲೆ ಮರದ ತುಂಡು ತಂದೆ. ಆಮೇಲೆ ಓದಿ ತಿಳಿದದ್ದು: ಎಚ್‌ಎಎಲ್‌ನವರು ಮಾಡಿದ್ದೂ ಅದನ್ನೇ! ಜೆಟ್ ಕಟ್ಟುವ ಮೊದಲು ಅದೇ ಆಕಾರದ ಮರದ ಗ್ಲೈಡರ್ ಒಂದನ್ನು ಪೂರ್ತಿ ಅಳತೆಯಲ್ಲಿ ಮಾಡಿ, ಡಕೋಟಾ ಹಿಂದೆ ಕಟ್ಟಿ ಎಳೆದೊಯ್ದು, ಮೇಲೆ ಬಿಟ್ಟು ನೋಡಿದ್ದರು. 1959-60ರಲ್ಲಿ 78 ಸಲ ಹಾರಿತು. ಒಂದಕ್ಕೆ ಒಂದು ಅಳತೆಯ ಮಾದರಿ ಅನ್ನಿ. ನಮ್ಮದು ಮೂರು ಮಳೆಗಾಲ ತಗೊಂಡಿತು, ಎಡರೆಕ್ಕೆ ಇವತ್ತಿಗೂ ಕೊಂಚ ಜೋತುಬಿದ್ದಿದೆ.

ಆದರೆ ನಾನು ಇಷ್ಟೆಲ್ಲ ಬರೆಯಲು ಕೂತದ್ದು ಬೇರೆ ಎರಡು ವಿಮಾನಗಳ ಬಗ್ಗೆ. ಕಪಾಟಿನ ಮಧ್ಯದ ಹಲಗೆಯಲ್ಲಿ ಅಕ್ಕಪಕ್ಕ ನಿಂತಿವೆ. ಒಂದು ಫ್ರಾನ್ಸಿನ ಮಿಸ್ಟೇರ್ 4ಎ, ಮ್ಯಾಚ್‌ಬಾಕ್ಸ್ ಕಂಪನಿಯ ಹಳೇ ಕಿಟ್. (ಮ್ಯಾಚ್‌ಬಾಕ್ಸ್‌ನವರು ಮೈಮೇಲಿನ ಗೆರೆಗಳನ್ನು ನೇಗಿಲು ಹೊಡೆದಂತೆ ಆಳ ಮಾಡುತ್ತಿದ್ದರು, ಎಂ-ಸೀಲ್ ತುಂಬಿ ಸಾಕಾಯಿತು.) ಇನ್ನೊಂದು ಅಮೆರಿಕದ ಎಫ್ 104 ಸ್ಟಾರ್‌ಫೈಟರ್, ಪಾಕಿಸ್ತಾನದ ಬಣ್ಣದಲ್ಲಿ.

1965ರ ಸೆಪ್ಟೆಂಬರ್ 6ರ ಸಂಜೆ ಪಾಕಿಸ್ತಾನದ ವಿಮಾನಗಳು ಪಠಾಣ್‌ಕೋಟ್ ಮೇಲೆ ಎರಗಿ ನೆಲದ ಮೇಲಿದ್ದ ನಮ್ಮ ವಿಮಾನಗಳನ್ನು ಸುಟ್ಟವು. ಮರುದಿನ, 7ರ ಬೆಳಗಿನ ಜಾವ, ಆದಂಪುರದಿಂದ ನಮ್ಮ 1ನೇ ಸ್ಕ್ವಾಡ್ರನ್ನಿನ ಮಿಸ್ಟೇರ್‌ಗಳು ಕತ್ತಲಲ್ಲೇ ಹೊರಟವು. ಮುಂದಾಳು ವಿಂಗ್ ಕಮಾಂಡರ್ ಓ. ಪಿ. ತನೇಜಾ. ಗುರಿ ಸರಗೋಧಾ, ಪಾಕಿಸ್ತಾನದ ವಾಯುನೆಲೆಗಳಲ್ಲೆಲ್ಲ ದೊಡ್ಡದು. ಹೋಗಿ ಬರಲು ಇಂಧನ ಸಾಕಾದರೆ ಸಾಕು ಅನ್ನುವಷ್ಟು ದೂರ. ಹನ್ನೆರಡು ವಿಮಾನದ ಲೆಕ್ಕ ಹಾಕಿದ್ದ ಆ ದಾಳಿಯಲ್ಲಿ ಬದಲಿಯಾಗಿ ಇಟ್ಟಿದ್ದವರಲ್ಲೊಬ್ಬರು ಕೊಡಗಿನ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯ. ವಯಸ್ಸು ಮೂವತ್ತೆರಡು. ಹುಡುಗರಿಗೆ ಹಾರಾಟ ಕಲಿಸುತ್ತಿದ್ದ ಮೇಷ್ಟ್ರು. ಕೊನೆಗೆ ಅವರೂ ಹೋದರು.

ಉಳಿದವರು ವಾಪಸ್ ಬಂದರು, ದೇವಯ್ಯ ಬರಲಿಲ್ಲ. ಅವರಿಗೇನಾಯಿತು ಅಂತ ನೋಡಿದವರು ನಮ್ಮ ಕಡೆ ಯಾರೂ ಇರಲಿಲ್ಲ. 'ಕಾಣೆಯಾಗಿದ್ದಾರೆ' ಅಂತ ಬರೆಯಲಾಯಿತು. ಹದಿನಾಲ್ಕು ವರ್ಷ ಹಾಗೇ ಕಳೆಯಿತು.

1979ರಲ್ಲಿ ಜಾನ್ ಫ್ರಿಕರ್ ಎಂಬ ಇಂಗ್ಲಿಷ್ ಲೇಖಕ 1965ರ ವಾಯುಯುದ್ಧದ ಬಗ್ಗೆ ಪುಸ್ತಕ ಬರೆದರು. ಪಾಕಿಸ್ತಾನದವರ ನೆರವಿನಿಂದ, ಅವರ ಕಡೆಯ ಕಥೆಯಾಗಿ ಬರೆದದ್ದು. ಅದರಲ್ಲಿತ್ತು ಈ ವಿವರ: ಆ ಬೆಳಿಗ್ಗೆ ಹಿಂದಿರುಗುತ್ತಿದ್ದ ಒಂದು ಮಿಸ್ಟೇರನ್ನು ಫ್ಲೈಟ್ ಲೆಫ್ಟಿನೆಂಟ್ ಅಮ್ಜದ್ ಹುಸೇನ್ ಸ್ಟಾರ್‌ಫೈಟರ್‌ನಲ್ಲಿ ಅಟ್ಟಿಸಿಕೊಂಡು ಹೋಗಿ ಹೊಡೆದರು. ಏಟು ಬಿದ್ದ ಮಿಸ್ಟೇರ್ ಬೀಳಲಿಲ್ಲ. ತಿರುಗಿ ನಿಂತು ಸ್ಟಾರ್‌ಫೈಟರ್‌ಗೇ ಗುಂಡು ಹೊಡೆಯಿತು. ಅಮ್ಜದ್ ಹುಸೇನ್ ಪ್ಯಾರಾಚೂಟಿನಲ್ಲಿ ಹಾರಿ ಬದುಕಿಕೊಂಡರು. ಬಾರದೆ ಉಳಿದ ಮಿಸ್ಟೇರ್ ಯಾರದು ಅಂತ ತನೇಜಾ ಅವರಿಗೆ ಗೊತ್ತಾಗಲು ಹೆಚ್ಚು ಹೊತ್ತು ಬೇಕಿರಲಿಲ್ಲ. ಅವರು ಮೇಲಿನವರಿಗೆ ಬರೆದರು. 1988ರಲ್ಲಿ, ಘಟನೆ ನಡೆದು ಇಪ್ಪತ್ಮೂರು ವರ್ಷಕ್ಕೆ, ದೇವಯ್ಯನವರಿಗೆ ಮಹಾವೀರ ಚಕ್ರ ಘೋಷಣೆಯಾಯಿತು. ಪಡೆದುಕೊಂಡವರು ಪತ್ನಿ ಸುಂದರಿ ದೇವಯ್ಯ.

ನಮ್ಮ ದಾಖಲೆಯಲ್ಲಿ ಇಲ್ಲದ್ದು ಎದುರಾಳಿಯ ಕಡೆಯ ಪುಸ್ತಕದಲ್ಲಿ ಸಿಕ್ಕಿತು. ನನಗೆ ಇದರಲ್ಲಿ ಹೆಮ್ಮೆಗಿಂತ ಮೊದಲು ಬರುವುದು ಸಂಕಟ. ಫ್ರಿಕರ್ ಆ ಸಾಲು ಬರೆಯದೆ ಹೋಗಿದ್ದರೆ?

ಮಾದರಿ ಕಟ್ಟುವವನಿಗೆ ಮಾತ್ರ ಕಾಣುವ ಒಂದು ಸಂಗತಿ ಇಲ್ಲಿದೆ. ಕಾಗದದ ಮೇಲೆ ಓದಿದರೆ ಈ ಕಾಳಗ ನಂಬಲಾಗದ್ದು. ಸ್ಟಾರ್‌ಫೈಟರ್ ಶಬ್ದದ ಎರಡು ಪಟ್ಟು ವೇಗದ್ದು. ಮಿಸ್ಟೇರ್ ಕೆಳಮುಖವಾಗಿ ಧುಮುಕಿದರೆ ಮಾತ್ರ ಶಬ್ದದ ವೇಗ ದಾಟುವಂಥದ್ದು, ಆಯುಧ ಎರಡು 30 ಮಿಲಿಮೀಟರ್ ಫಿರಂಗಿ. ಆದರೆ ಎರಡನ್ನೂ ಒಂದೇ ಅಳತೆಯಲ್ಲಿ ಮಾಡಿ ಪಕ್ಕಪಕ್ಕ ಇಡಿ. ಸ್ಟಾರ್‌ಫೈಟರ್ ಉದ್ದ 23 ಸೆಂಟಿಮೀಟರ್, ರೆಕ್ಕೆಯಗಲ ಬರೀ 9. ಮಿಸ್ಟೇರ್ ಉದ್ದ 18, ರೆಕ್ಕೆ ಹದಿನೈದೂವರೆ. ಒಂದು ಈಟಿ, ಇನ್ನೊಂದು ಹಕ್ಕಿ. ಈಟಿಗೆ ನೇರ ಹೋಗುವುದೇ ಗೊತ್ತು, ತಿರುಗಬೇಕಾದರೆ ಊರಗಲ ಜಾಗ ಬೇಕು. ನೆಲದ ಹತ್ತಿರ, ತಿರುಗಿ ತಿರುಗಿ ಹೊಡೆದಾಡುವ ಜಗಳಕ್ಕೆ ಅದು ಇಳಿದರೆ ಅಷ್ಟು ವೇಗವಿದ್ದೂ ಉಪಯೋಗವಿಲ್ಲ. ಏಟು ತಿಂದ ವಿಮಾನದಲ್ಲಿ, ಮನೆಗೆ ಮರಳುವಷ್ಟು ಇಂಧನವೂ ಅನುಮಾನವಾಗಿದ್ದಾಗ, ತಿರುಗಬೇಕು ಅಂತ ತೀರ್ಮಾನಿಸಿದ್ದು ಮಾತ್ರ ರೆಕ್ಕೆಯ ಲೆಕ್ಕಕ್ಕೆ ಸಿಗುವುದಿಲ್ಲ.

ಬಣ್ಣದ ಮೇಲೆ ನಮ್ಮಲ್ಲಿ ದೊಡ್ಡ ಜಗಳವೇ ಆಯಿತು. ಆ ಕಾಲದ ನಮ್ಮ ಮಿಸ್ಟೇರ್‌ಗಳ ಹೆಚ್ಚಿನ ಫೋಟೋಗಳಲ್ಲಿ ಕಾಣುವುದು ಬರಿಯ ಲೋಹದ ಹೊಳಪು. ಬೆಳ್ಳಿ ಬಣ್ಣ ಹಚ್ಚಿದರೆ ಅದು ಸ್ಟೀಲ್ ಡಬ್ಬಿಯಂತೆ ಕಾಣುತ್ತದೆ. ಚೇಟ ಹೇಳಿದರು, "ಲೋಹದ ಒಂದೊಂದು ತಗಡೂ ಒಂದೊಂದು ಥರ ಹೊಳೆಯುತ್ತದೆ, ನಾನು ಒರೆಸಿದವನು, ನನಗೆ ಗೊತ್ತು". ಕೊನೆಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆಯನ್ನು ಉಗುರಗಲ ಕತ್ತರಿಸಿ, ಒಂದೊಂದನ್ನೂ ಒಂದೊಂದು ದಿಕ್ಕಿಗೆ ಉಜ್ಜಿ, ತೆಳು ಅಂಟಿನಲ್ಲಿ ಕೂರಿಸಿದೆವು. ಎರಡು ತಿಂಗಳ ಭಾನುವಾರಗಳು ಅದಕ್ಕೇ ಹೋದವು.

2015ಕ್ಕೆ ಯುದ್ಧಕ್ಕೆ ಐವತ್ತು ವರ್ಷ. ಆ ಸೆಪ್ಟೆಂಬರಿನಲ್ಲೇ ಗಣಪತಿಯೂ ಬಂತು. ಪುಣೆಯ ಗಣೇಶೋತ್ಸವ ಅಂದರೆ ದೇಖಾವಾ ಇರಲೇಬೇಕು. ನಮ್ಮ ಸೊಸೈಟಿಯ ಪುಟ್ಟ ಮಂಟಪದ ಪಕ್ಕ ಮೇಜು ಹಾಕಿ ಈ ಜೋಡಿಯನ್ನು ಇಟ್ಟೆವು. ಮರಾಠಿಯಲ್ಲೊಂದು, ಕನ್ನಡದಲ್ಲೊಂದು ಚೀಟಿ. ಮಕ್ಕಳು ಮೊದಲ ದಿನವೇ ಸ್ಟಾರ್‌ಫೈಟರ್‌ನ ಮೂಗು ಮುರಿದರು, ಅದು ಇರಲಿ. (ಈಗ 2025ರಲ್ಲಿ 'ಸ್ಕೈ ಫೋರ್ಸ್' ಅಂತ ಹಿಂದಿ ಸಿನಿಮಾ ಬಂದ ಮೇಲೆ ಕಥೆ ಹಲವರಿಗೆ ಗೊತ್ತು, ಅದರಲ್ಲಿ ಪಾತ್ರದ ಹೆಸರೇ ಬೇರೆ.)

ಮೂರನೇ ಸಂಜೆ ಆರತಿ ಮುಗಿದ ಮೇಲೆ ಬಿ ವಿಂಗ್‌ನಲ್ಲಿ ಮಗಳ ಮನೆಗೆ ಬಂದಿದ್ದ ಒಬ್ಬ ಹಿರಿಯ ಹೆಂಗಸು ಮೇಜಿನ ಹತ್ತಿರ ಬಹಳ ಹೊತ್ತು ನಿಂತರು. ಕೊಡವ ಶೈಲಿಯಲ್ಲಿ ಉಟ್ಟ ಸೀರೆ. ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಚೀಟಿ ಓದಿದರು. ನಾನು ಇಂಗ್ಲಿಷಿನಲ್ಲಿ ಓದಿದ್ದನ್ನೇ ಕನ್ನಡಕ್ಕೆ ಇಳಿಸಿ 'ಅಜ್ಜಮದ' ಅಂತ ಬರೆದಿದ್ದೆ.

"ಇದು ನೀವು ಬರೆದದ್ದಾ?"

"ಹೌದಮ್ಮಾ."

"ಅಜ್ಜಮಾಡ ಅಂತ ಬರೀಬೇಕು. ಅದು ಮನೆತನದ ಹೆಸರು, ಮಗಾ. ಮಾ ದೀರ್ಘ."

ವಿಮಾನದ ಒಂದೊಂದು ತಗಡಿನ ಹೊಳಪಿಗೆ ಎರಡು ತಿಂಗಳು ಜಗಳವಾಡಿದ್ದ ನಮಗೆ ಇದು ಹೊಳೆದಿರಲಿಲ್ಲ. ಕಾಕಾ ಜೇಬಿನಿಂದ ಪೆನ್ನು ತೆಗೆದುಕೊಟ್ಟರು. ಆ ಚೀಟಿ ಹರಿದು ಅಲ್ಲೇ ಹೊಸದು ಬರೆದೆ. ಅವರು ಓದಿ ತಲೆಯಾಡಿಸಿ, ಪ್ರಸಾದದ ಮೋದಕವನ್ನು ಕೈಯಲ್ಲೇ ಹಿಡಿದುಕೊಂಡು ಲಿಫ್ಟಿನ ಕಡೆ ಹೋದರು.