ಲ್ಯಾಪ್‌ಟಾಪ್ ಬಿಸಿಯಾಗಿ ಆಫ್ ಆಗುವುದು
ಪ್ರೊಸೆಸರ್‌ನ ಶಾಖ ಹೊರಹೋಗದೆ ಮಿತಿ ಮೀರಿದಾಗ, ಭಾಗಗಳು ಸುಡದಂತೆ ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುವ ಸ್ಥಿತಿ. ಹಲವು ಪ್ರೊಸೆಸರ್‌ಗಳಲ್ಲಿ ಈ ಮಿತಿ ಸುಮಾರು 100 ಡಿಗ್ರಿ ಸೆಲ್ಸಿಯಸ್ ಇಲ್ಲವೇ ಅದಕ್ಕಿಂತ ಹೆಚ್ಚು. ಅದಕ್ಕೆ ಮುನ್ನವೇ ಫ್ಯಾನ್ ಜೋರಾಗಿ ತಿರುಗುತ್ತದೆ, ಪ್ರೊಸೆಸರ್‌ನ ವೇಗ ಕುಗ್ಗುತ್ತದೆ. ಕೊಡಗಿನ ಕುಶಾಲನಗರದ ಬಳಿಯ, ಜಲಾಶಯದ ಊರಾದ ಹಾರಂಗಿಯ ತಂಪು ಹವೆಯೂ ಇದನ್ನು ತಡೆಯದು: ಗಾಳಿಕಿಂಡಿ ಮುಚ್ಚಿದ್ದರೆ ಹೊರಗಿನ ಚಳಿ ಒಳಗೆ ತಲುಪುವುದೇ ಇಲ್ಲ. ಮಳೆಗಾಲದ ತೇವಕ್ಕೆ ಧೂಳು ಅಂಟಿ, ಶಾಖ ಹೊರಹಾಕುವ ಹೀಟ್‌ಸಿಂಕ್‌ನ ಸಂದುಗಳಲ್ಲಿ ಗಟ್ಟಿಯಾಗುತ್ತದೆ. ಕಂಬಳಿಯ ಮೇಲಿಟ್ಟು ಬಳಸುವುದು ಇನ್ನೂ ಕೆಟ್ಟದ್ದು. ಮೊದಲು ಗಟ್ಟಿ ಮೇಜಿನ ಮೇಲಿಟ್ಟು ಪರೀಕ್ಷಿಸಬೇಕು. ಬಳಿಕ ಆಫ್ ಮಾಡಿ, ಚಾರ್ಜರ್ ಕಳಚಿ, ಫ್ಯಾನ್ ತಿರುಗದಂತೆ ಹಿಡಿದು ಒಣಗಾಳಿಯಿಂದ ಧೂಳು ಊದಬೇಕು. ಆಮೇಲೂ ಆಫ್ ಆದರೆ ಫ್ಯಾನ್ ಕೆಟ್ಟಿರಬಹುದು, ಇಲ್ಲವೇ ಪ್ರೊಸೆಸರ್‌ನ ಶಾಖವನ್ನು ಹೀಟ್‌ಸಿಂಕ್‌ಗೆ ಸಾಗಿಸುವ ಥರ್ಮಲ್ ಪೇಸ್ಟ್ ಒಣಗಿರಬಹುದು. ಅವನ್ನು ರಿಪೇರಿಯವರಲ್ಲಿ ಬದಲಿಸಿಕೊಳ್ಳುವುದೇ ಸರಿ. ಬ್ಯಾಟರಿ ಉಬ್ಬಿದ್ದರೆ ಬಳಕೆಯನ್ನು ಕೂಡಲೇ ನಿಲ್ಲಿಸಬೇಕು.